ನಿಂತೇ ಹಡಗು ನಡೆಸಿದ ಮಾಲಂ ಸಾಹೇಬರು

ಮಾಲಂ ಸಾಹೇಬರು ತೀರಿಕೊಂಡ ಮೂರನೇ ದಿನ ಅವರ ತಮ್ಮನ ಮಗ ತಿಥಿ ಕಾರ್ಡು ಮಾಡಿಸಲು ನನ್ನ ಅಂಗಡಿಗೆ ಬಂದ. ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಕಂಪ್ಯೂಟರ್ ಸೆಂಟರ್ ಇದೆ. ಟೈಪಿಂಗು, ಜೆರಾಕ್ಸು, ಲಗ್ನಪತ್ರಿಕೆ, ತಿಥಿ ಕಾರ್ಡು, ಮಧ್ಯೆ ಮಧ್ಯೆ ಹುಡುಗರಿಗೆ ಕಂಪ್ಯೂಟರ್ ಪಾಠ. ಹುಟ್ಟಿದವರ ನಾಮಕರಣದಿಂದ ಹಿಡಿದು ಹೋದವರ ಹನ್ನೊಂದನೇ ದಿನದವರೆಗೆ ಊರಿನ ಸಮಾಚಾರವೆಲ್ಲ ನನ್ನ ಕೀಬೋರ್ಡಿನ ಮೇಲೇ ಹಾದುಹೋಗುತ್ತದೆ. ಆ ಹುಡುಗ ಬರೆದು ತಂದ ಕಾಗದದಲ್ಲಿ ಹೆಸರಿನ ಹಿಂದೆ ದಪ್ಪ ಅಕ್ಷರದಲ್ಲಿ ‘ಕ್ಯಾಪ್ಟನ್’ ಅಂತ ಇತ್ತು.

“ಈ ಪದ ಬೇಡ ಕಣೋ,” ಅಂದೆ.

“ಯಾಕಕ್ಕಾ? ದೊಡ್ಡಪ್ಪ ಕ್ಯಾಪ್ಟನ್ ಅಂತ ಊರಿಗೆಲ್ಲ ಗೊತ್ತಲ್ಲ.”

“ಊರಿಗೆಲ್ಲ ಗೊತ್ತು. ನಿಮ್ಮ ದೊಡ್ಡಪ್ಪ ಒಬ್ಬರೇ ಒಪ್ತಿರಲಿಲ್ಲ.”

ಹುಡುಗನ ಮುಖ ಊದಿಕೊಂಡಿತು. ಹಾಕಲೇಬೇಕು, ಅಪ್ಪ ಹೇಳಿದ್ದಾರೆ, ನೆಂಟರೆಲ್ಲ ಏನಂದುಕೊಳ್ಳುತ್ತಾರೆ ಅಂತ ವಾದ ಮಾಡಿದ. ನಾಳೆ ಬಾ, ಯೋಚನೆ ಮಾಡಿ ಅಚ್ಚು ಹಾಕುತ್ತೇನೆ ಅಂತ ಕಳಿಸಿದೆ. ಯೋಚನೆ ಮಾಡುವುದು ಏನೂ ಇರಲಿಲ್ಲ. ಆ ಪದವನ್ನು ಅವರೇ ಒಮ್ಮೆ ನನ್ನ ಕೈಯಲ್ಲಿ ಅಳಿಸಿಸಿದ್ದರು. ಅಳಿಸಿದ್ದನ್ನು ಮತ್ತೆ ಬರೆಯುವ ಅಧಿಕಾರ ನನಗಿರಲಿಲ್ಲ.

ಎರಡು ಸಾವಿರದ ಆರು ಏಳರ ಸುಮಾರಿಗೆ ಅವರು ಮೊದಲ ಸಲ ಅಂಗಡಿಗೆ ಬಂದಿದ್ದು. ಇಸ್ತ್ರಿ ಹಾಕಿದ ಬಿಳಿ ಅರ್ಧ ತೋಳಿನ ಅಂಗಿ, ಒಂದು ಕೂದಲೂ ಆಚೀಚೆ ಸರಿಯದ ಕ್ರಾಪು. ಒಳಗೆ ಕಾಲಿಟ್ಟವರು ನನ್ನನ್ನು ನೋಡುವ ಮೊದಲು ಗೋಡೆ ಗಡಿಯಾರ ನೋಡಿದರು. “ಎರಡು ನಿಮಿಷ ಹಿಂದೆ ಇದೆ,” ಅಂದವರೇ ಸ್ಟೂಲು ಎಳೆದುಕೊಂಡು ಹತ್ತಿ ಸರಿ ಮಾಡಿಬಿಟ್ಟರು. ಇದ್ಯಾವ ಗ್ರಹಚಾರ ಅಂದುಕೊಂಡೆ. ಇಳಿದು ಬಂದು ಜೇಬಿನಿಂದ ಒಂದು ಸಿ.ಡಿ. ತೆಗೆದು, “ಇದು ನಿಮ್ಮ ಮೆಷಿನ್ನಲ್ಲಿ ಓಡುತ್ತಾ ನೋಡಿ ಮೇಡಂ,” ಅಂದರು.

ಅದು ಹಡಗು ನಡೆಸುವ ಆಟ. ಹಳೆಯ ಹಡಗಿನ ಸ್ನೇಹಿತರೊಬ್ಬರು ಹೊರದೇಶದಿಂದ ಕಳಿಸಿದ್ದರಂತೆ. ಬಾಂಬು, ಗುಂಡು, ಕಳ್ಳರು ಏನೂ ಇಲ್ಲ. ಒಂದು ದೊಡ್ಡ ಹಡಗು, ಒಂದು ಬಂದರು, ನೀರು, ಗಾಳಿ. ಹಡಗನ್ನು ಎಲ್ಲೂ ತಗಲಿಸದೆ ದಡಕ್ಕೆ ತಂದು ನಿಲ್ಲಿಸಬೇಕು, ಅಷ್ಟೇ. ನನ್ನ ಶಿಷ್ಯರು ಐದು ನಿಮಿಷ ನೋಡಿ ಆಕಳಿಸಿಕೊಂಡು ಹೋದರು. ಅವರು ಎರಡು ಗಂಟೆ ಕದಲಲಿಲ್ಲ.

ಕದಲಲಿಲ್ಲ ಅಂದರೆ ನಿಂತಿದ್ದರು. ಕುರ್ಚಿ ಕೊಟ್ಟರೆ ಬೇಡ ಅಂದರು. ಹಡಗು ನಡೆಸುವ ಕೋಣೆಗೆ ಬ್ರಿಡ್ಜು ಅನ್ನುತ್ತಾರಂತೆ, ಡ್ಯೂಟಿಯಲ್ಲಿರುವವನು ಬ್ರಿಡ್ಜಿನ ಮೇಲೆ ಕೂರುವುದಿಲ್ಲವಂತೆ. ಕರವಸ್ತ್ರದಿಂದ ನನ್ನ ಮಾನಿಟರಿನ ಧೂಳು ಒರೆಸಿ, ಕೈ ಹಿಂದೆ ಕಟ್ಟಿಕೊಂಡು ನಿಂತರು. ಕೀಬೋರ್ಡು ಮುಟ್ಟಲಿಲ್ಲ.

“ನೀವು ಒತ್ತಬೇಕಲ್ಲ ಸರ್,” ಅಂದೆ.

“ಅಪ್ಪಣೆ ಕೊಡೋನು ಚುಕ್ಕಾಣಿ ಮುಟ್ಟಬಾರದು ಕಣ್ರೀ. ನೀವು ಕೂತ್ಕೊಳ್ಳಿ. ನಾನು ಹೇಳ್ತೀನಿ. ಹೇಳಿದ್ದನ್ನ ನೀವು ಮೊದಲು ಬಾಯಲ್ಲಿ ವಾಪಸ್ ಹೇಳಬೇಕು, ಆಮೇಲೆ ಮಾಡಬೇಕು.”

“ಯಾಕೆ, ನನಗೆ ಕಿವಿ ಕೇಳಿಸುತ್ತೆ.”

“ನಿಮಗೆ ಕೇಳಿಸಿದ್ದು ನನಗೆ ಹೇಗೆ ಗೊತ್ತಾಗಬೇಕು?”

ಮಾತು ನ್ಯಾಯವೇ. ಮದುವೆಯಾಗಿ ಹದಿನೈದು ವರ್ಷವಾಗಿತ್ತು, ನಮ್ಮ ಯಜಮಾನರು ಒಂದು ದಿನವೂ ನಾನು ಹೇಳಿದ್ದನ್ನು ವಾಪಸ್ ಹೇಳಿರಲಿಲ್ಲ. ಸರಿ, ಕೂತೆ. “ಸ್ಟಾರ್ಬೋರ್ಡ್ ಟೆನ್,” ಅಂದರು. ಬಲಕ್ಕೆ ಹತ್ತು ಡಿಗ್ರಿ ಅಂತ ಅರ್ಥ. “ಸ್ಟಾರ್ಬೋರ್ಡ್ ಟೆನ್,” ಅಂದು ಒತ್ತಿದೆ. ಹೀಗೆ ಮಧ್ಯಾಹ್ನ ಗಿರಾಕಿಗಳಿಲ್ಲದ ಒಂದರಿಂದ ಮೂರರವರೆಗೆ ನಾನು ಹಡಗಿನ ಚುಕ್ಕಾಣಿ ಹಿಡಿಯುವವಳಾದೆ. ಸೀರೆ ಉಟ್ಟ ಹೆಲ್ಮ್ಸ್‌ಮನ್ ಅಂತ ಪಕ್ಕದ ಬೇಕರಿಯವನು ನಗುತ್ತಿದ್ದ. ನಗಲಿ. ಅಂತಹ ದೊಡ್ಡ ಹಡಗನ್ನು ಅವನ ವಂಶದಲ್ಲಿ ಯಾರಾದರೂ ತಿರುಗಿಸಿದ್ದರಾ?

ಆಟದ ಮೇಲೆ ಅವರಿಗೆ ಪ್ರೀತಿ ಎಷ್ಟೋ ತಕರಾರೂ ಅಷ್ಟೇ. “ಇದು ಮೇಕೆ ತಿರುಗಿದ ಹಾಗೆ ತಿರುಗುತ್ತೆ. ನಿಜವಾದ ಹಡಗು ಎಮ್ಮೆ ಕಣ್ರೀ. ಹೇಳಿ ಎಷ್ಟೋ ಹೊತ್ತಾದ ಮೇಲೆ ಯೋಚನೆ ಮಾಡುತ್ತೆ, ಆಮೇಲೆ ತಿರುಗುತ್ತೆ, ತಿರುಗೋಕೆ ಶುರು ಮಾಡಿದ ಮೇಲೆ ನಿಲ್ಲಲ್ಲ.” ಗಾಳಿ ಸಾಲದು, ಲಂಗರು ಬೇಗ ಕಚ್ಚುತ್ತೆ, ನೀರಿನ ಬಣ್ಣ ಸುಳ್ಳು. ತಪ್ಪುಗಳ ಪಟ್ಟಿಯನ್ನೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಹುಣಸೂರಿನ ಕರೆಂಟು ಮಾತ್ರ ಅವರಿಗೆ ಪೂರ್ತಿ ಮೆಚ್ಚಿಗೆಯಾಗಿತ್ತು. ಕರೆಂಟು ಹೋಯಿತೆಂದರೆ ಯು.ಪಿ.ಎಸ್. ಹತ್ತು ನಿಮಿಷ ಎಳೆಯುತ್ತಿತ್ತು. “ಬ್ಲ್ಯಾಕೌಟ್! ಹಡಗಿನಲ್ಲೂ ಹಿಂಗೇ ಆಗುತ್ತೆ! ಹತ್ತು ನಿಮಿಷದಲ್ಲಿ ಹಡಗು ನಿಲ್ಲಬೇಕು!” ಅಂತ ಹುರುಪಿನಿಂದ ಅಪ್ಪಣೆ ಕೊಡುತ್ತಿದ್ದರು. ಲೋಡ್ ಶೆಡ್ಡಿಂಗಿಗೆ ಖುಷಿ ಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಈ ತಾಲ್ಲೂಕಿನಲ್ಲಿ ಕಂಡಿಲ್ಲ.

ಅವರು ಗುರುಪುರದ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಯವರು. ಈಜು ಕಲಿತದ್ದು ಲಕ್ಷ್ಮಣತೀರ್ಥದಲ್ಲಿ. ಪೇಪರಿನಲ್ಲಿ ಬಂದ ಪ್ರಕಟಣೆ ನೋಡಿ ಅರ್ಜಿ ಹಾಕಿ, ಸಮುದ್ರ ನೋಡುವ ಮೊದಲೇ ಹಡಗಿನ ಕೆಲಸಕ್ಕೆ ಆಯ್ಕೆಯಾದವರು. ಮದುವೆ ಮಾಡಿಕೊಳ್ಳಲಿಲ್ಲ. ರಕ್ತದೊತ್ತಡ ಬಂದು ದಡಕ್ಕೆ ಹತ್ತಿದ ಮೇಲೆ ಹುಣಸೂರಿನಲ್ಲಿ ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿ ಇದ್ದರು. ಊರಿನವರಿಗೆ ಹಡಗಿನಲ್ಲಿದ್ದವರೆಲ್ಲ ಕ್ಯಾಪ್ಟನ್ನೇ. ತರಕಾರಿಯವನು ಕೂಡ “ಕ್ಯಾಪ್ಟನ್ ಸಾಹೇಬ್ರೇ, ಬದನೇಕಾಯಿ ನೋಡಿ” ಅನ್ನುತ್ತಿದ್ದ. ಅವರು ಪ್ರತಿ ಸಲವೂ ಚೀಲ ಕೆಳಗಿಟ್ಟು, “ನಾನು ಕ್ಯಾಪ್ಟನ್ ಅಲ್ಲಪ್ಪ, ಚೀಫ್ ಆಫೀಸರ್,” ಅಂತ ತಿದ್ದುತ್ತಿದ್ದರು. ತರಕಾರಿಯವನು ಪ್ರತಿ ಸಲವೂ “ಆಯ್ತು ಕ್ಯಾಪ್ಟನ್ ಸಾಹೇಬ್ರೇ” ಅನ್ನುತ್ತಿದ್ದ.

ಕ್ಯಾಪ್ಟನ್ನಿನ ಕೆಳಗೆ ಎರಡನೆಯವನು ಚೀಫ್ ಆಫೀಸರ್. ಖಲಾಸಿಗಳು ಅವನನ್ನು ಬಡಾ ಮಾಲಂ ಸಾಬ್ ಅನ್ನುತ್ತಾರಂತೆ. ಅದು ಗೊತ್ತಾದ ದಿನದಿಂದ ನಾನು ಅವರನ್ನು ಮಾಲಂ ಸಾಹೇಬರೇ ಅಂತ ಕರೆದೆ. ಅವರಿಗೆ ಹಿಡಿಸಿತು.

ಆ ಆಟ ಆಡುವವರೆಲ್ಲ ಸೇರಿ ಹರಟುವ ಒಂದು ಪುಟ ಇಂಟರ್ನೆಟ್ಟಿನಲ್ಲಿತ್ತು. ಅಲ್ಲಿ ಯಾರೋ ಒಂದು ಪ್ರಶ್ನೆ ಹಾಕಿದ್ದರು: ನಿಮ್ಮಲ್ಲಿ ನಿಜವಾದ ನಾವಿಕರು ಎಷ್ಟು ಜನ, ಯಾವ ಸರ್ಟಿಫಿಕೇಟ್ ಇದೆ? ಪುಟದ ತುಂಬ ಕ್ಯಾಪ್ಟನ್ನುಗಳು. ಕ್ಯಾಪ್ಟನ್ ಇಂಥವನು, ಕ್ಯಾಪ್ಟನ್ ಅಂಥವನು. ಕೆಲವರಿಗೆ ಇನ್ನೂ ಮೀಸೆ ಬಂದಿರಲಿಕ್ಕಿಲ್ಲ. ಮಾಲಂ ಸಾಹೇಬರೂ ಉತ್ತರ ಕೊಡಬೇಕು ಅಂದರು. ನಾನು ಟೈಪ್ ಮಾಡಲು ಕೂತೆ. ಎಲ್ಲರೂ ಹಾಕಿಕೊಂಡಿದ್ದಾರಲ್ಲ ಅಂತ ನಾನೂ ಅವರ ಹೆಸರಿನ ಹಿಂದೆ ಕ್ಯಾಪ್ಟನ್ ಸೇರಿಸಿದೆ.

“ಅಳಿಸಿ,” ಅಂದರು.

“ಇರಲಿ ಬಿಡಿ, ಯಾರು ನೋಡ್ತಾರೆ.”

“ಅಳಿಸಿ ಮೇಡಂ.” ಅವರ ದನಿ ಅಷ್ಟು ಗಟ್ಟಿಯಾಗಿದ್ದು ನಾನು ಕೇಳಿರಲಿಲ್ಲ. “ಅಳಿಸಿ” ಅಂತ ವಾಪಸ್ ಹೇಳಿ ಅಳಿಸಿದೆ.

ಆಮೇಲೆ ಕಾಫಿ ತರಿಸಿ ಅವರು ಹೇಳಿದರು. ಹಡಗಿನಲ್ಲಿ ಮೇಲೇರುವುದೆಂದರೆ ಒಂದೊಂದೇ ಸರ್ಟಿಫಿಕೇಟು ಸಂಪಾದಿಸುವುದು. ಮೊದಲು ಸೆಕೆಂಡ್ ಮೇಟ್, ಆಮೇಲೆ ಫಸ್ಟ್ ಮೇಟ್, ಕೊನೆಗೆ ಮಾಸ್ಟರ್. ಮಾಸ್ಟರ್ ಪಾಸಾದವನೇ ಕ್ಯಾಪ್ಟನ್ ಆಗಬಹುದು. ಪ್ರತಿಯೊಂದಕ್ಕೂ ಇಷ್ಟು ಕಾಲ ಸಮುದ್ರದಲ್ಲಿ ಕಳೆದಿರಬೇಕು, ಬರೆಯುವ ಪರೀಕ್ಷೆ ಆಗಬೇಕು, ಅದಾದ ಮೇಲೆ ಒಬ್ಬ ಹಳೆಯ ಕ್ಯಾಪ್ಟನ್ನಿನ ಎದುರು ಕೂತು ಬಾಯಿಪರೀಕ್ಷೆ. ಇವರು ಮೊದಲೆರಡನ್ನು ನೀರು ಕುಡಿದ ಹಾಗೆ ಮುಗಿಸಿದ್ದರು. ಮಾಸ್ಟರ್ ಬಾಯಿಪರೀಕ್ಷೆಯಲ್ಲಿ ಮೇಜಿನ ಮೇಲೆ ಮರದ ಪುಟ್ಟ ಹಡಗೊಂದನ್ನು ಇಟ್ಟು ಪರೀಕ್ಷಕರು ಕೇಳಿದರಂತೆ: ನೀನು ಮಾಸ್ಟರ್. ಬಂದರಿನೊಳಗೆ ದಾರಿ ತೋರಿಸಲು ಅಲ್ಲಿಯ ಪೈಲಟ್ ನಿನ್ನ ಹಡಗು ಹತ್ತಿದ್ದಾನೆ. ಬಲಕ್ಕೆ ಪೂರ್ತಿ ತಿರುಗಿಸು ಅನ್ನುತ್ತಾನೆ. ಅದು ತಪ್ಪು ಅಂತ ನಿನಗೆ ಅನ್ನಿಸುತ್ತದೆ. ಏನು ಮಾಡುತ್ತೀಯ?

“ಖಾತ್ರಿ ಇದೆಯಾ ಅಂತ ಅವನನ್ನ ಕೇಳ್ತೀನಿ ಅಂದೆ. ಅವನು ಹೌದು ಅಂದರೆ? ಅಂತ ಕೇಳಿದರು. ಇನ್ನೊಂದು ಸಲ ಕೇಳ್ತೀನಿ ಅಂದೆ. ಪರೀಕ್ಷಕರು ಬೆರಳಿನಲ್ಲಿ ಆ ಮರದ ಹಡಗನ್ನ ಹೀಗೆ ಉರುಳಿಸಿಬಿಟ್ಟರು. ನೀನು ಎರಡನೇ ಸಲ ಕೇಳೋ ಹೊತ್ತಿಗೆ ಹಡಗು ಬಂಡೆ ಮೇಲಿದೆ, ಎದ್ದು ಹೋಗು ಅಂದರು.”

“ನಿಮಗೆ ಉತ್ತರ ಗೊತ್ತಿರಲಿಲ್ವಾ?”

“ಪುಸ್ತಕದ ಉತ್ತರ ಗೊತ್ತಿತ್ತು. ಹಡಗು ಯಾವತ್ತೂ ಮಾಸ್ಟರದೇ, ಪೈಲಟ್ ಕೊಡೋದು ಬರೀ ಸಲಹೆ. ತಪ್ಪು ಅನ್ನಿಸಿದ ಕೂಡಲೇ ಅವನನ್ನ ಸರಿಸಿ ನಾನೇ ಅಪ್ಪಣೆ ಕೊಡಬೇಕು. ಆದರೆ ಅವರು ಕೇಳಿದ್ದು ನೀನು ಏನು ಮಾಡ್ತೀಯ ಅಂತ. ನಾನು ಕೇಳ್ತೀನಿ ಮೇಡಂ. ನನ್ನ ಸ್ವಭಾವ ಅದು. ಮತ್ತೆ ಹೋಗಿ ಸುಳ್ಳು ಹೇಳಿ ಪಾಸಾಗೋಕೆ ಮನಸ್ಸು ಬರಲಿಲ್ಲ.”

ಅದಾದ ಮೇಲೆ ಅವರು ಆ ಪರೀಕ್ಷೆಗೆ ಕೂರಲೇ ಇಲ್ಲ. ಕೊನೆಯವರೆಗೂ ಚೀಫ್ ಆಫೀಸರ್ ಆಗಿಯೇ ಇದ್ದರು. ಇದನ್ನು ಹೇಳುವಾಗ ಗೋಳಾಡಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಕಾಫಿ ಮುಗಿಸಿ, “ಬನ್ನಿ, ಹಡಗು ಕಾಯ್ತಿದೆ,” ಅಂದರು. ಆದರೆ ದಿನಾ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ನಿಂತು ಅವರು ಏನು ಮಾಡುತ್ತಿದ್ದಾರೆ ಅಂತ ನನಗೆ ಅವತ್ತು ಅರ್ಥವಾಯಿತು.

ತಿಂಗಳಿಗೊಮ್ಮೆ ಮಾಲಂ ಸಾಹೇಬರು ಎಚ್.ಡಿ. ಕೋಟೆ ಬಸ್ಸು ಹತ್ತಿ ಬೀಚನಹಳ್ಳಿಗೆ ಹೋಗುತ್ತಿದ್ದರು. ಕಬಿನಿ ಹಿನ್ನೀರು ನೋಡುವುದಕ್ಕೆ. ಒಂದಿಷ್ಟು ಅಗಲವಾದ ನೀರು ನೋಡದಿದ್ದರೆ ಕಣ್ಣು ಮಂಜಾಗುತ್ತೆ ಅನ್ನುತ್ತಿದ್ದರು. ಹಾಗೆ ಹೋದಾಗಲೇ ಅವರಿಗೆ ಬೊಮ್ಮ ಸಿಕ್ಕಿದ್ದು. ಬೊಮ್ಮ ಕಾಡಂಚಿನ ಹಾಡಿಯವನು, ನಲವತ್ತು ದಾಟಿದ ಆಳು, ಅಲ್ಲಿಯ ಒಂದು ರೆಸಾರ್ಟಿನಲ್ಲಿ ಸಣ್ಣ ಮೋಟಾರು ದೋಣಿ ಓಡಿಸುತ್ತಿದ್ದ. ದೋಣಿಯಲ್ಲಿ ಕೂತ ಮಾಲಂ ಸಾಹೇಬರಿಗೆ ಒಂದು ವಿಚಿತ್ರ ಕಂಡಿತು. ಖಾಲಿ ನೀರಿನಲ್ಲಿ, ಏನೂ ಇಲ್ಲದ ಕಡೆ, ಅವನು ದೊಡ್ಡ ಸುತ್ತು ಹಾಕಿಕೊಂಡು ಹೋಗುತ್ತಿದ್ದ.

“ಯಾಕಪ್ಪ ಸುತ್ತಿಕೊಂಡು ಹೋಗ್ತೀಯ?”

“ಮರ ಅದೆ ಸಾ.”

“ಎಲ್ಲಿ?”

“ನೀರೊಳ್ಗೆ. ಅತ್ತಗೆ ಮತ್ತಿಮರ, ಇತ್ತಗೆ ನಮ್ಮಜ್ಜಿ ಗುಡ್ಲು ಮುಂದ್ಲ ನೇರಳೆ. ಕಟ್ಟೆ ಕಟ್ದಾಗ ನಾನು ಈಟುದ್ದ ಇದ್ದೆ. ನೀರ್ ಬಂದ್ ಮುಚ್ಕತ್ತು. ಮರ ಎಲ್ಲೋದದು ಸಾ? ಅಲ್ಲೇ ಅದೆ.”

ಆ ವಾರ ಅವರು ಅಂಗಡಿಯಲ್ಲಿ ಹಡಗಿನ ಸುದ್ದಿಯನ್ನೇ ಎತ್ತಲಿಲ್ಲ, ಬರೀ ಬೊಮ್ಮನ ಸುದ್ದಿ. ಅವನಿಗೊಂದು ಗಂಡಾಂತರ ಬಂದಿತ್ತು. ರೆಸಾರ್ಟಿನವರು ಎರಡು ಅಂತಸ್ತಿನ ದೊಡ್ಡ ದೋಣಿ ತರಿಸುತ್ತಿದ್ದರು. ಅದನ್ನು ನಡೆಸುವವನಿಗೆ ಸರ್ಟಿಫಿಕೇಟು ಬೇಕು. ಒಳನಾಡಿನ ನೀರಿನಲ್ಲಿ ಮೋಟಾರು ದೋಣಿ ನಡೆಸುವವರಿಗೆ ಕೊಡುವ ಆ ಸರ್ಟಿಫಿಕೇಟಿಗೆ ಸಾರಂಗ್ ಅನ್ನುತ್ತಾರೆ. ದೋಣಿ ಬರುವುದರೊಳಗೆ ಬೊಮ್ಮ ಪಾಸಾಗದಿದ್ದರೆ ಕೇರಳದಿಂದ ಪಾಸಾದವರನ್ನು ಕರೆಸಿ, ಇವನನ್ನು ಗಿಡಕ್ಕೆ ನೀರು ಹಾಕಲು ಕಳಿಸುವುದು ಅಂತ ತೀರ್ಮಾನವಾಗಿತ್ತು.

ಮುಂದಿನ ಸೋಮವಾರ ಬೊಮ್ಮ ನನ್ನ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ. ಅದು ಅವನ ರಜೆಯ ದಿನ. ಪಕ್ಕದಲ್ಲಿ ಮಾಲಂ ಸಾಹೇಬರು.

“ನಾಕ್ನೇ ಕ್ಲಾಸ್ಗಂಟ ಓದಿವ್ನಿ ಕಣವ್ವ,” ಅಂದ ನನಗೆ. “ಗಿಡಕ್ ನೀರ್ ಬುಡೋದು ಕೆಟ್ ಕೆಲ್ಸ ಅಲ್ಲ. ಆದ್ರೆ ನಮ್ಮಜ್ಜಿ ಗುಡ್ಲು ಮ್ಯಾಗೆ ಇನ್ಯಾರೋ ದೋಣಿ ಬುಡೋದ ನಾನ್ ದಡದಲ್ ನಿಂತ್ಕಂಡು ನೋಡ್ಬೇಕಲ್ಲ, ಅದು ಆಗಕಿಲ್ಲ.”

ಅಲ್ಲಿಂದ ಎರಡು ತಿಂಗಳು ಸೋಮವಾರ ಸೋಮವಾರ ಪಾಠ. ಕೆಂಪು ದೀಪ ದೋಣಿಯ ಎಡಕ್ಕೆ, ಹಸಿರು ಬಲಕ್ಕೆ. ಇದು ಬೊಮ್ಮನ ತಲೆಯಲ್ಲಿ ನಿಲ್ಲಲಿಲ್ಲ. ಕೊನೆಗೆ ನಾನೇ ನನ್ನ ಎಡಗೈಗೆ ಕೆಂಪು ಗಾಜಿನ ಬಳೆ, ಬಲಗೈಗೆ ಹಸಿರು ಬಳೆ ಹಾಕಿಕೊಂಡೆ. ಮರೆತಾಗಲೆಲ್ಲ ಅವನು ನನ್ನ ಕೈ ನೋಡುತ್ತಿದ್ದ. ನಮ್ಮ ಅತ್ತೆ ಇದ್ಯಾವ ಶೋಕಿ ಅಂತ ಕೇಳಿದರು. ಹಡಗಿನ ದೀಪ ಅತ್ತೆ ಅಂದೆ.

ಎದುರಾಬದುರಾ ಬಂದರೆ ಇಬ್ಬರೂ ಬಲಕ್ಕೆ ಸರಿಯಬೇಕು, ಇದು ನೀರಿನ ನಿಯಮ. ಬೊಮ್ಮನಿಗೆ ಇದು ಅನ್ಯಾಯವಾಗಿ ಕಂಡಿತು. “ಗಾಡಿ ಎಡಕ್ ಒಡೀತೀವಲ್ಲ ಸಾ?” ಅಂದ. ಮಾಲಂ ಸಾಹೇಬರು ಕಂಪ್ಯೂಟರುಗಳ ನಡುವಿನ ಸಂದಿಯಲ್ಲಿ ಆ ತುದಿಗೆ ಅವನನ್ನೂ ಈ ತುದಿಗೆ ನನ್ನನ್ನೂ ನಿಲ್ಲಿಸಿ ನಡೆಸಿದರು. ಇಬ್ಬರೂ ಬಲಕ್ಕೆ ಸರಿದು, ಎಡಭುಜದ ಪಕ್ಕ ಎಡಭುಜ ಹಾಯಬೇಕು. ಮೊದಲ ದಿನ ನಾಲ್ಕು ಸಲ ಡಿಕ್ಕಿ ಹೊಡೆದೆವು. ಜೆರಾಕ್ಸಿಗೆ ಬಂದವರೆಲ್ಲ ಕೆಲಸ ಬಿಟ್ಟು ನಿಂತು ನೋಡಿದರು.

ಆಮೇಲೆ ಆಟ. ಬೊಮ್ಮನನ್ನು ನನ್ನ ಜಾಗದಲ್ಲಿ ಕೂರಿಸಿ ಮಾಲಂ ಸಾಹೇಬರು ಪರದೆಯ ಮೇಲೆ ಯೂರೋಪಿನ ಒಂದು ಬಂದರು ತೆರೆದರು. ಸ್ಟೆಡಿ, ನೇರಕ್ಕೆ ನಡೆಸು ಅಂದರು. ಬೊಮ್ಮ “ಸ್ಟೆಡಿ” ಅಂತ ವಾಪಸ್ ಹೇಳಿ, ತಿಳಿನೀರಿನಲ್ಲಿ ದೊಡ್ಡದೊಂದು ಸುತ್ತು ಹಾಕಿದ.

“ಏನಪ್ಪಾ ಇದೆ ಅಲ್ಲಿ?”

“ಗೊತ್ತಿಲ್ಲ ಸಾ. ಗೊತ್ತಿಲ್ದಿರ ನೀರು. ಮರ ಇರ್ಬೋದು.”

ಯೂರೋಪಿನ ಬಂದರಿನಲ್ಲಿ ಮತ್ತಿಮರ! ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಬೊಮ್ಮ ನಗಲಿಲ್ಲ. ಮಾಲಂ ಸಾಹೇಬರು ನಗು ನಿಲ್ಲಿಸಿ ಅವನಿಗೆ ಒಂದೇ ಪಾಠ ಹೇಳಿದರು, ಆಮೇಲೆ ಪ್ರತಿ ಸೋಮವಾರವೂ ಅದನ್ನೇ ಹೇಳಿದರು: “ನೋಡು ಬೊಮ್ಮ, ಪರೀಕ್ಷೆ ಮಾಡೋಕೆ ಬರೋರು ದೊಡ್ಡ ಕ್ಯಾಪ್ಟನ್. ಅವರು ಏನಂದರೂ ಎದುರು ಮಾತಾಡಬೇಡ. ಹೇಳಿದ್ದನ್ನ ವಾಪಸ್ ಹೇಳು, ಮಾಡು. ಅಷ್ಟೇ.” ಬೊಮ್ಮ ತಲೆಯಾಡಿಸುತ್ತಿದ್ದ. ನನಗೂ ಅದು ಸರಿ ಅನ್ನಿಸಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ನಾನೂ ಬೀಚನಹಳ್ಳಿಗೆ ಹೋದೆ. ಎರಡು ಬಣ್ಣದ ಬಳೆ ಹಾಕಿಕೊಂಡೇ ಹೋದೆ. ಪರೀಕ್ಷಕರು ಕರಾವಳಿಯವರು, ಒಂದು ಕಾಲಕ್ಕೆ ದೊಡ್ಡ ಹಡಗುಗಳ ಕ್ಯಾಪ್ಟನ್ ಆಗಿದ್ದವರು. ಕಣ್ಣಿನ ಪರೀಕ್ಷೆ, ಬಾಯಿಪರೀಕ್ಷೆ ದಡದಲ್ಲೇ ಮುಗಿದವು. ದೀಪದ ಪ್ರಶ್ನೆ ಬಂದಾಗ ಬೊಮ್ಮ ನನ್ನ ಕಡೆ ತಿರುಗಿದ. ನಾನು ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಎರಡೂ ಕೈ ಎತ್ತಿದೆ. ಅಷ್ಟು ಮೋಸ ಮಾಡಿದ್ದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಮಾಲಂ ಸಾಹೇಬರಿಗೆ ಕೊನೆಯವರೆಗೂ ಹೇಳಲಿಲ್ಲ.

ಆಮೇಲೆ ದೋಣಿಯ ಮೇಲೆ ಪರೀಕ್ಷೆ. ಬೊಮ್ಮ ಚುಕ್ಕಾಣಿಯ ಹತ್ತಿರ, ಪಕ್ಕದಲ್ಲಿ ಪರೀಕ್ಷಕರು, ಹಿಂದಿನ ಬೆಂಚಿನಲ್ಲಿ ನಾನು. ಮಾಲಂ ಸಾಹೇಬರು ಕಂಬ ಹಿಡಿದು ನಿಂತೇ ಇದ್ದರು. ಹಿನ್ನೀರಿನ ಮಧ್ಯೆ ಹೋದ ಮೇಲೆ, ಮೊದಲೇ ಹೇಳಿದ್ದ ಹಾಗೆ ರೆಸಾರ್ಟಿನ ಇನ್ನೊಂದು ದೋಣಿ ಎದುರಿನಿಂದ ನೇರವಾಗಿ ನಮ್ಮ ಕಡೆಗೇ ಬಂತು.

“ಎದುರಲ್ಲಿ ದೋಣಿ ಉಂಟು. ಬಲಕ್ಕೆ ತಗೊಳ್ಳಿ. ಸ್ಟಾರ್ಬೋರ್ಡ್ ಟೆನ್,” ಅಂದರು ಪರೀಕ್ಷಕರು.

“ಸ್ಟಾರ್ಬೋರ್ಡ್ ಟೆನ್,” ಅಂತ ಬೊಮ್ಮ ವಾಪಸ್ ಹೇಳಿದ. ತಿರುಗಿಸಲಿಲ್ಲ. ಇಂಜಿನ್ನಿನ ವೇಗ ತಗ್ಗಿಸಿಬಿಟ್ಟ.

“ಎಂತ ಮಾರಾಯ, ಬಲಕ್ಕೆ ಹೇಳಿದ್ದು!”

“ಆಗಕಿಲ್ಲ ಸಾ. ಬಲಕ್ ಮರ ಅದೆ.”

“ಎಲ್ಲುಂಟು ಮರ? ನೀರು ಕಾಣ್ತದೆ ನನಗೆ. ಪರೀಕ್ಷೆ ಮಾಡುವುದು ನಾನು. ಬಲಕ್ಕೆ!”

ಮಾಲಂ ಸಾಹೇಬರ ಕಡೆ ನೋಡಿದೆ. ಅವರ ತುಟಿ ಅಲ್ಲಾಡುತ್ತಿತ್ತು. “ತಿರುಗಿಸೋ, ತಿರುಗಿಸೋ,” ಅಂತ ಸದ್ದಿಲ್ಲದೆ ಹೇಳುತ್ತಿದ್ದರು. ಎರಡು ತಿಂಗಳ ಪಾಠ, ಅವನ ಕೆಲಸ, ಅವನ ಅಜ್ಜಿಯ ಗುಡಿಸಲಿನ ಮೇಲಿನ ನೀರು, ಎಲ್ಲ ಆ ಹತ್ತು ಡಿಗ್ರಿಯ ಮೇಲೆ ನಿಂತಿತ್ತು.

ಬೊಮ್ಮ ಇಂಜಿನ್ನನ್ನು ಹಿಂದಕ್ಕೆ ಹಾಕಿ ದೋಣಿಯನ್ನು ಪೂರ್ತಿ ನಿಲ್ಲಿಸಿದ. ಹಾರನ್ ಒತ್ತಿ, ಎದುರಿನವನಿಗೆ ಕೈ ಬೀಸಿ ಅವನನ್ನೂ ನಿಲ್ಲಿಸಿದ. ಆಮೇಲೆ ಪರೀಕ್ಷಕರ ಕಡೆ ತಿರುಗಿದ.

“ನೀವು ಯೇಳೋದು ಸರಿ ಸಾ. ನಿಯಮನೂ ಅಂಗೇ ಅದೆ, ನಮ್ ಸಾ ಯೇಳ್ಕೊಟ್ಟವ್ರೆ. ಆದ್ರೆ ದೋಣಿ ನನ್ ಕೈಲದೆ. ಇದ್ರಲ್ ಕುಂತಿರೋರ್ಗೆಲ್ಲ ನಾನೇ ಜವಾಬ್ದಾರಿ. ನೀವು ಫೇಲ್ ಮಾಡಿದ್ರೆ ಮಾಡಿ. ಬಲಕ್ ಓಗಕಿಲ್ಲ.”

ಪರೀಕ್ಷಕರು ದೋಣಿಯಲ್ಲಿದ್ದ ಉದ್ದನೆಯ ಗಳು ತೆಗೆದುಕೊಂಡು ಬಲಬದಿಗೆ ಬಗ್ಗಿ ನೀರಿನೊಳಗೆ ಚುಚ್ಚಿದರು. ಒಂದು ಮೊಳ ಇಳಿಯುವುದರೊಳಗೆ ಟಕ್ ಅಂತ ಮರಕ್ಕೆ ತಗುಲಿತು. ಇನ್ನೊಂದು ಸಲ ಕುಟ್ಟಿ ನೋಡಿದರು. ಆಮೇಲೆ ಗಳು ಒಳಗಿಟ್ಟು, ಕೈ ಒರೆಸಿಕೊಂಡು, “ಸರಿ. ನಿಮ್ಮ ದೋಣಿ. ಯಾವ ಬದಿಯಿಂದ ಹೋಗಬೇಕು ನೀವೇ ಹೇಳಿ,” ಅಂದರು. ಅಲ್ಲಿಯವರೆಗೆ ಬಾಯಿಗೊಮ್ಮೆ ಮಾರಾಯ ಅನ್ನುತ್ತಿದ್ದವರು ಆಮೇಲೆ ಬೊಮ್ಮನನ್ನು ಹಾಗೆ ಕರೆಯಲಿಲ್ಲ.

ಮಾಲಂ ಸಾಹೇಬರು ಕಂಬ ಬಿಟ್ಟಿರಲಿಲ್ಲ. ಅವರ ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ಹಬ್ಬದ ಕಳೆ. ಹುಣಸೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಹೇಳಿದರು: “ನಾನು ಅವನಿಗೆ ಹೆಲ್ಮ್ಸ್‌ಮನ್ ಕೆಲಸ ಹೇಳಿಕೊಟ್ಟೆ ಮೇಡಂ. ಅವನು ಮಾಸ್ಟರ್ ಪರೀಕ್ಷೆ ಪಾಸು ಮಾಡಿದ. ನನ್ನ ಮಾತು ಕೇಳಿದ್ದರೆ ಫೇಲಾಗ್ತಿದ್ದ.” ತಮ್ಮ ತಪ್ಪನ್ನು ಹೇಳಿಕೊಳ್ಳುವಾಗ ಅಷ್ಟು ಸಂತೋಷಪಟ್ಟ ಗಂಡಸನ್ನು ನಾನು ಬೇರೆ ನೋಡಿಲ್ಲ.

ಮೂರು ವಾರಕ್ಕೆ ಸರ್ಟಿಫಿಕೇಟು ಬಂತು. ನಾನೇ ಲ್ಯಾಮಿನೇಷನ್ ಮಾಡಿಕೊಟ್ಟೆ. ಅವತ್ತಿನಿಂದ ಮಾಲಂ ಸಾಹೇಬರ ಬಾಯಲ್ಲಿ ಬೊಮ್ಮ ಅನ್ನುವುದು ಹೋಗಿ ಬೊಮ್ಮಯ್ಯನವರು ಬಂತು, ನೀನು ಹೋಗಿ ನೀವು ಬಂತು. ಬೊಮ್ಮನಿಗೆ ಸಂಕೋಚ. “ಅಂಗನ್ಬ್ಯಾಡಿ ಸಾ, ಕಾಲು ಜುಂ ಅಂತದೆ,” ಅಂದ. ಇವರು ಕೇಳಲಿಲ್ಲ. ಸರ್ಟಿಫಿಕೇಟು ಇರುವವರನ್ನು ಏಕವಚನದಲ್ಲಿ ಕರೆಯುವ ಪದ್ಧತಿ ಹಡಗಿನಲ್ಲಿ ಇಲ್ಲ ಅಂದರು.

ತಿಥಿ ಕಾರ್ಡಿನ ವಿಷಯ ಹೇಳಿ ಮುಗಿಸುತ್ತೇನೆ. ‘ನಿವೃತ್ತ ಚೀಫ್ ಆಫೀಸರ್’ ಅಂತಲೇ ಅಚ್ಚು ಹಾಕಿದೆ. ತಮ್ಮನ ಮಗ ಕಾರ್ಡಿನ ಕಟ್ಟು ತೆಗೆದುಕೊಂಡು ನನ್ನ ಮುಖ ನೋಡದೆ ಹೋದ. ಹನ್ನೊಂದನೇ ದಿನ ಬೊಮ್ಮಯ್ಯ ಬಂದಿದ್ದ, ರೆಸಾರ್ಟಿನ ಬಿಳಿ ಯೂನಿಫಾರಂ ಹಾಕಿಕೊಂಡೇ ಬಂದಿದ್ದ. ಕಾರ್ಡನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ. “ಸರ್ಯಾಗದೆ ಕಣವ್ವ. ಬ್ಯಾರೆ ಏನಾರ ಆಕಿದ್ರೆ ನಮ್ ಸಾಗೆ ಸಿಟ್ ಬತ್ತಿತ್ತು,” ಅಂದ. ತಮ್ಮನ ಮಗ ಪಕ್ಕದಲ್ಲೇ ನಿಂತಿದ್ದ, ಕೇಳಿಸಿಕೊಂಡ. ನನಗೆ ಅಷ್ಟು ಸಾಕಾಯಿತು.

ಕ್ಯಾಪ್ಟನ್ ಅನ್ನುವ ಪದವನ್ನು ಮಾಲಂ ಸಾಹೇಬರು ಎದುರಿಗೆ ನಿಂತು ಒಬ್ಬರಿಗೆ ಅಂದದ್ದನ್ನು ನಾನು ಒಂದೇ ಸಲ ಕೇಳಿದ್ದೇನೆ. ದೊಡ್ಡ ದೋಣಿ ಬಂದು, ಅದರ ಮೊದಲ ಸುತ್ತಿಗೆ ಬೊಮ್ಮಯ್ಯ ನಮ್ಮಿಬ್ಬರನ್ನೂ ಕರೆದಿದ್ದ. ಜನವೆಲ್ಲ ಮೇಲಿನ ಅಂತಸ್ತಿಗೆ ಹತ್ತಿದರು. ಮಾಲಂ ಸಾಹೇಬರು ಮಾತ್ರ ಚುಕ್ಕಾಣಿಯ ಕೋಣೆಯ ಬಾಗಿಲಲ್ಲಿ ನಿಂತು, ಅಂಗಿ ಸರಿ ಮಾಡಿಕೊಂಡು, ಕೇಳಿದರು: “ಒಳಗೆ ಬರಬಹುದಾ, ಕ್ಯಾಪ್ಟನ್?”

ಬೊಮ್ಮಯ್ಯ ಹಿಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದ. ತನಗೇ ಅಂದದ್ದು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ಬನ್ನಿ ಸಾ. ಕುಂತ್ಕಳಿ,” ಅಂದ. ಅಲ್ಲೊಂದು ಎತ್ತರದ ಕುರ್ಚಿ ಇತ್ತು.

“ಇರಲಿ, ನಿಂತಿರ್ತೀ​ನಿ. ಬ್ರಿಡ್ಜಿನ ಮೇಲೆ ಕೂರೋ ಪದ್ಧತಿ ಇಲ್ಲ.”

ದೋಣಿ ದಡ ಬಿಟ್ಟಿತು. ಬೊಮ್ಮಯ್ಯ ಮುಂದಿನ ನೀರಿನಿಂದ ಕಣ್ಣು ತೆಗೆಯಲಿಲ್ಲ. ಅವನ ಅಜ್ಜಿಯ ನೇರಳೆಮರದ ಸುತ್ತು ಹತ್ತಿರ ಬರುತ್ತಿತ್ತು, ಅಲ್ಲಿ ದೋಣಿ ಒಂದು ಕಡೆ ವಾಲುತ್ತದೆ. ಮಾಲಂ ಸಾಹೇಬರಿಗೆ ಹಿಡಿದುಕೊಳ್ಳಲು ಅಲ್ಲಿ ಕಂಬವೂ ಇರಲಿಲ್ಲ.

“ಕುಂತ್ಕಳಿ ಅಂದೆ ಸಾ,” ಅಂದ, ಈ ಸಲ ಗಟ್ಟಿಯಾಗಿ. “ದೋಣಿ ನಂದು.”

ಮಾಲಂ ಸಾಹೇಬರು ಅವನನ್ನು ಒಂದು ಸಲ ನೋಡಿದರು. ಖಾತ್ರಿ ಇದೆಯಾ ಅಂತ ಕೇಳಲಿಲ್ಲ.

“ಕುಂತ್ಕಳಿ,” ಅಂತ ಅಪ್ಪಣೆಯನ್ನು ವಾಪಸ್ ಹೇಳಿದರು. ಆಮೇಲೆ ಕೂತರು.